ಉತ್ತರಕ್ಕೆ ತಲೆ ಹಾಕಿ ಮಲಗಿದ್ರೆ ಏನಾಗುತ್ತೆ? ನಿದ್ದೆ, ನಂಬಿಕೆ, ಹಾಸ್ಟೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿದ್ದಾಗ ನಿದ್ದೆಗೆ ನೂರೆಂಟು ನಿಯಮ. ಆ ದಿಕ್ಕಿಗೆ ತಲೆ ಹಾಕಬೇಡ, ದೀಪ ಹಚ್ಚೋ ಹೊತ್ತಲ್ಲಿ ಮಲಗಬೇಡ, ಕೋಳಿ ಕೂಗೋಕೆ ಮುಂಚೆ ಏಳು. ಹಾಸ್ಟೆಲ್‌ಗೆ ಬಂದ ಮೇಲೆ ಕೇಳೋರೇ ಇಲ್ಲ. ರಾತ್ರಿ ಎರಡು ಗಂಟೆಗೂ ಕಾರಿಡಾರ್‌ನಲ್ಲಿ ಮ್ಯಾಗಿ ವಾಸನೆ ಬರುತ್ತಿರುತ್ತದೆ. ಆದರೂ ಅಜ್ಜಿಯ ಮಾತುಗಳು ತಲೆಯಿಂದ ಹೋಗಿರುವುದಿಲ್ಲ. ಧಾರವಾಡವಿರಲಿ, ಮಾನಸಗಂಗೋತ್ರಿಯಿರಲಿ, ಕೊಣಾಜೆಯಿರಲಿ, ಮಕ್ಕಳ ಅನುಮಾನಗಳು ಹೆಚ್ಚುಕಮ್ಮಿ ಇವೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿದ್ದೆಯ ಬಗ್ಗೆ ನಮ್ಮ ಮನೆಗಳಲ್ಲಿರುವ ನಂಬಿಕೆಗಳಲ್ಲಿ ಬಹಳಷ್ಟು ಯಾರಿಗೂ ತೊಂದರೆ ಕೊಡುವುದಿಲ್ಲ. ಕೆಲವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುತ್ತಿರುವುದು, ಓದುವ ಮಕ್ಕಳು ಜಾಸ್ತಿ ಮಲಗಬಾರದು ಅನ್ನುವ ನಂಬಿಕೆ.

ನನ್ನ ಮಂಚ ಉತ್ತರಕ್ಕೇ ಇದೆ. ತಿರುಗಿಸೋಕೂ ಜಾಗ ಇಲ್ಲ. ಏನ್ ಮಾಡ್ಲಿ?

ಮೂರು ಮಂಚ, ಮೂರು ಟ್ರಂಕ್, ಒಂದು ಕಿಟಕಿ ಇರುವ ರೂಮಿನಲ್ಲಿ ಯಾರಾದರೊಬ್ಬರ ತಲೆ ಉತ್ತರಕ್ಕೆ ಬಂದೇ ಬರುತ್ತದೆ. ಈ ನಂಬಿಕೆಯ ಬೆನ್ನಿಗೆ ಗಣಪತಿಯ ಕತೆ ಇದೆ. ಉತ್ತರಕ್ಕೆ ತಲೆ ಹಾಕಿ ಮಲಗಿದ್ದವರ ತಲೆ ತನ್ನಿ ಅಂತ ಶಿವ ಹೇಳಿದ್ದು, ಗಣಗಳಿಗೆ ಆನೆ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಜೊತೆಗೆ ದಕ್ಷಿಣ ಯಮನ ದಿಕ್ಕು, ಆ ಕಡೆ ಕಾಲು ಚಾಚಬಾರದು ಅನ್ನುವ ಲೆಕ್ಕವೂ ಇದೆ.

ಇಷ್ಟಕ್ಕೇ ಬಿಟ್ಟಿದ್ದರೆ ನನ್ನದೇನೂ ತಕರಾರಿಲ್ಲ. ಈಗ ವಾಟ್ಸಾಪ್‌ನಲ್ಲಿ ಇದಕ್ಕೆ ವಿಜ್ಞಾನದ ಅಂಗಿ ತೊಡಿಸಿದ್ದಾರೆ: ಭೂಮಿ ಒಂದು ಅಯಸ್ಕಾಂತ, ರಕ್ತದಲ್ಲಿ ಕಬ್ಬಿಣ ಇದೆ, ಹಾಗಾಗಿ ರಕ್ತ ಮೆದುಳಿಗೆ ನುಗ್ಗುತ್ತದೆ ಅಂತ. ರಕ್ತದ ಕಬ್ಬಿಣ ಹಿಮೋಗ್ಲೋಬಿನ್ ಒಳಗೆ ಸೇರಿಕೊಂಡಿರುತ್ತದೆ, ಅದು ಮೊಳೆಯ ಹಾಗೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಭೂಮಿಯ ಕಾಂತಬಲ 25ರಿಂದ 65 ಮೈಕ್ರೋಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಮಷೀನಿನದು ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಸುಮಾರು 30,000 ಪಟ್ಟು. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತವೂ ಎಲ್ಲಿಗೂ ನುಗ್ಗಿಲ್ಲ.

ಆದರೂ ಮನಸ್ಸಿಗೆ ಕಸಿವಿಸಿ ಅನಿಸಿದರೆ ದಿಂಬನ್ನು ಆ ತುದಿಗೆ ಹಾಕಿಕೊಳ್ಳಿ, ಮುಗೀತು. ಕಸಿವಿಸಿಯೇ ನಿದ್ದೆ ಕೆಡಿಸುತ್ತದೆ. ದಿಕ್ಕಿಗಿಂತ ಹೆಚ್ಚು ಗಮನಿಸಬೇಕಾದದ್ದು ರೂಮ್‌ಮೇಟ್‌ನ ಟ್ಯೂಬ್‌ಲೈಟ್ ನಿಮ್ಮ ಕಣ್ಣಿಗೆ ಬೀಳುತ್ತಾ, ಕಿಟಕಿಯ ಸೊಳ್ಳೆ ಪರದೆ ಹರಿದಿದೆಯಾ ಅನ್ನುವುದು.

ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದ್ರೆ ತಲೆಗೆ ಹತ್ತುತ್ತೆ ಅಂತಾರೆ. ನಿಜಾನಾ?

ಲೆಕ್ಕ ನೋಡೋಣ. ಒಂದು ಮುಹೂರ್ತ ಅಂದರೆ 48 ನಿಮಿಷ. ಬ್ರಾಹ್ಮೀ ಮುಹೂರ್ತ ಶುರುವಾಗುವುದು ಸೂರ್ಯೋದಯಕ್ಕೆ 1 ಗಂಟೆ 36 ನಿಮಿಷ ಮೊದಲು. ಸೂರ್ಯ 6:15ಕ್ಕೆ ಹುಟ್ಟುವ ದಿನ ಅದು 4:39ರಿಂದ 5:27. ಅಷ್ಟಾಂಗಹೃದಯದಲ್ಲಿ ದಿನಚರಿಯ ಅಧ್ಯಾಯ ಶುರುವಾಗುವುದೇ ಈ ಹೊತ್ತಿಗೆ ಏಳಬೇಕು ಅನ್ನುವ ಮಾತಿನಿಂದ. ಆದರೆ ಅಲ್ಲಿ ಏಳಬೇಕಾದವನು ಯಾರು ಅಂತಲೂ ಹೇಳಿದೆ: ಸ್ವಸ್ಥ, ಅಂದರೆ ಆರೋಗ್ಯವಾಗಿರುವವನು.

ಆ ಕಾಲದವರು, ಅಷ್ಟೇಕೆ ನಮ್ಮ ಮುತ್ತಜ್ಜಿಯರು ಕೂಡ, ಏಳೂವರೆಗೆ ಊಟ ಮುಗಿಸಿ ಒಂಬತ್ತಕ್ಕೆಲ್ಲ ಚಾಪೆ ಹಾಸಿರುತ್ತಿದ್ದರು. ನಾಲ್ಕೂವರೆಗೆ ಎದ್ದರೂ ಏಳೂವರೆ ಗಂಟೆ ನಿದ್ದೆ ಆಗಿರುತ್ತಿತ್ತು. ನಾವು ‘ಬೇಗ ಏಳು’ ಅನ್ನುವುದನ್ನು ಉಳಿಸಿಕೊಂಡು ‘ಬೇಗ ಮಲಗು’ ಅನ್ನುವುದನ್ನು ಬಿಟ್ಟಿದ್ದೇವೆ. ಒಂದು ಗಂಟೆಗೆ ಮಲಗಿ ನಾಲ್ಕೂವರೆಗೆ ಅಲಾರಂ ಇಟ್ಟುಕೊಂಡರೆ ಸಿಗುವುದು ಮೂರೂವರೆ ಗಂಟೆ ನಿದ್ದೆ ಮಾತ್ರ. 18ರಿಂದ 25 ವಯಸ್ಸಿನವರಿಗೆ ಬೇಕಿರುವುದು 7ರಿಂದ 9 ಗಂಟೆ.

ಇನ್ನೊಂದು ವಿಷಯ ಮನೆಯವರಿಗೂ ಗೊತ್ತಿರಬೇಕು. ಹದಿವಯಸ್ಸಿನಲ್ಲಿ ದೇಹದ ಒಳಗಿನ ಗಡಿಯಾರ ನಿಧಾನಕ್ಕೆ ಹಿಂದೆ ಬೀಳುತ್ತಾ ಹೋಗುತ್ತದೆ. ಸುಮಾರು 20ನೇ ವಯಸ್ಸಿನ ಹೊತ್ತಿಗೆ ಅದು ಅತಿ ತಡವಾಗಿ ಓಡುತ್ತಿರುತ್ತದೆ, ಆಮೇಲೆ ಮತ್ತೆ ಮುಂದಕ್ಕೆ ಬರುತ್ತದೆ. ನಿದ್ದೆ ತರುವ ಮೆಲಟೋನಿನ್ ಆ ವಯಸ್ಸಿನವರಲ್ಲಿ ಏರುವುದೇ ತಡ. ಹತ್ತು ಗಂಟೆಗೆ ಅಪ್ಪನಿಗೆ ತೂಕಡಿಕೆ ಬಂದು ಮಗನಿಗೆ ಬರದಿದ್ದರೆ ಅದು ಪೂರ್ತಿ ಅವನ ಸೋಮಾರಿತನ ಅಲ್ಲ. ಫೋನು ಅದನ್ನು ಇನ್ನೂ ತಡ ಮಾಡುತ್ತದೆ, ಅದು ಬೇರೆ ಮಾತು.

ನಿಮಗೆ ಬೆಳಗಿನ ಓದು ಒಗ್ಗುತ್ತದೆ ಅಂದರೆ ಒಂಬತ್ತೂವರೆಗೆ ಮಲಗಿ, ಧಾರಾಳವಾಗಿ ಏಳಿ.

‘ಶ್ವಾನನಿದ್ರಾ’ ಅಂತ ಶ್ಲೋಕದಲ್ಲೇ ಇದೆಯಲ್ಲ, ವಿದ್ಯಾರ್ಥಿ ಕಮ್ಮಿ ಮಲಗ್ಬೇಕು ಅಂತ?

‘ಕಾಕಚೇಷ್ಟಾ ಬಕಧ್ಯಾನಂ ಶ್ವಾನನಿದ್ರಾ ತಥೈವ ಚ’ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿರುತ್ತಾರೆ. ಶ್ಲೋಕ ಹೇಳುವುದು ಸದ್ದಾದರೆ ಥಟ್ಟನೆ ಎಚ್ಚರವಾಗುವ ಗುಣದ ಬಗ್ಗೆ. ಎಷ್ಟು ಗಂಟೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಗಂಟೆ ಲೆಕ್ಕಕ್ಕೇ ಬಂದರೆ ನಾಯಿ ದಿನಕ್ಕೆ ಹತ್ತು ಗಂಟೆಯಾದರೂ ಬಿದ್ದುಕೊಂಡು ನಿದ್ದೆ ಹೊಡೆಯುತ್ತದೆ. ಮೆಸ್ಸಿನ ಹಿಂದೆ ಹೋಗಿ ನೋಡಿ ಬೇಕಾದರೆ.

ನಮ್ಮಲ್ಲಿ ನಿದ್ದೆ ಗೆದ್ದವರಿಗೆ ಮರ್ಯಾದೆ ಜಾಸ್ತಿ. ಅರ್ಜುನನಿಗೆ ಗುಡಾಕೇಶ ಅಂತ ಬಿರುದು, ಕುಂಭಕರ್ಣನಿಗೆ ನಗೆಪಾಟಲು. ಇದೇ ಮನೋಭಾವ ‘ಎಸ್ಸೆಸ್ಸೆಲ್ಸಿಲಿ ನಾನು ಮೂರು ಗಂಟೆ ಮಲಗ್ತಿದ್ದೆ’ ಅನ್ನುವ ಚಿಕ್ಕಪ್ಪನ ಬಾಯಲ್ಲೂ, ‘ನಿನ್ನೆ ನೈಟ್‌ಔಟ್ ಮಚ್ಚಾ’ ಅನ್ನುವ ಕ್ಲಾಸ್‌ಮೇಟ್ ಬಾಯಲ್ಲೂ ಬರುತ್ತದೆ. ಹೇಳುವವರು ಬೇರೆ, ಹೆಮ್ಮೆ ಒಂದೇ.

ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಇದು ಈಚೆಗೆ ಕಂಡುಕೊಂಡಿದ್ದೂ ಅಲ್ಲ. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅನ್ನುವವರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಬಾಯಿಪಾಠ ಮಾಡಿಸಿದರು. ಕಲಿತು ಮಲಗಿ ಎದ್ದಾಗ ನೆನಪಿದ್ದಷ್ಟು, ಅಷ್ಟೇ ಹೊತ್ತು ಎಚ್ಚರವಿದ್ದಾಗ ನೆನಪಿರಲಿಲ್ಲ. ನೂರು ವರ್ಷದಿಂದ ಬೇರೆ ಬೇರೆ ರೀತಿಯಲ್ಲಿ ಇದನ್ನೇ ಮತ್ತೆ ಮತ್ತೆ ಕಂಡಿದ್ದಾರೆ.

ಚರಕ ಸಂಹಿತೆ ಕೂಡ ಊಟ ಮತ್ತು ಬ್ರಹ್ಮಚರ್ಯದ ಜೊತೆಗೆ ನಿದ್ದೆಯನ್ನೂ ಸೇರಿಸಿ ದೇಹದ ಮೂರು ಆಧಾರ ಅನ್ನುತ್ತದೆ. ಹಳೆಯ ಪುಸ್ತಕದ ಮಾತೇ ಬೇಕು ಅನ್ನುವವರಿಗೆ ಇದನ್ನು ತೋರಿಸಿ.

ಹಾಗಾದ್ರೆ ಮಧ್ಯಾಹ್ನ ಮಲಗಬಹುದಾ? ಮುಸ್ಸಂಜೆ?

ಮಧ್ಯಾಹ್ನ ಮಲಗಬಹುದು. ಆಯುರ್ವೇದದಲ್ಲಿ ಹಗಲು ನಿದ್ದೆ ಬೇಸಿಗೆಯಲ್ಲಿ ಬಿಟ್ಟರೆ ಒಳ್ಳೆಯದಲ್ಲ ಅನ್ನುತ್ತಾರೆ. ಆದರೆ ಚರಕ ಅದಕ್ಕೆ ವಿನಾಯಿತಿ ಕೊಟ್ಟಿರುವವರ ಪಟ್ಟಿಯೂ ಇದೆ. ಮಕ್ಕಳು, ಮುದುಕರು, ಭಾರ ಹೊತ್ತು ದಣಿದವರು, ದಾರಿ ನಡೆದು ದಣಿದವರು, ಹಾಡಿ ದಣಿದವರು. ಜೊತೆಗೆ ಓದಿ ದಣಿದವರು! 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಒಂದು ಗಂಟೆ ಎಳೆದರೆ ಗಾಢ ನಿದ್ದೆಯ ನಡುವೆ ಎದ್ದು ತಲೆ ಜೋಮು ಹಿಡಿದಂತಾಗುತ್ತದೆ. ಮೂರು ಗಂಟೆಯ ಲ್ಯಾಬ್‌ಗೆ ಹೋಗಿ ಪಿಪೆಟ್ ಕೈಯಲ್ಲಿ ಹಿಡಿದು ತೂಕಡಿಸುವುದಕ್ಕಿಂತ ಊಟದ ನಂತರದ ಈ 20 ನಿಮಿಷ ಎಷ್ಟೋ ವಾಸಿ.

ಮುಸ್ಸಂಜೆಯ ವಿಷಯದಲ್ಲಿ ನಾನು ಪೂರ್ತಿ ಅಜ್ಜಿಯ ಕಡೆ. ಲಕ್ಷ್ಮಿ ಬರುವ ಹೊತ್ತು ಅನ್ನುವುದು ಅವರ ಕಾರಣ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತಿರುತ್ತದೆ, ಅದಕ್ಕೆ ಅಡಿನೋಸಿನ್ ಅನ್ನುವ ವಸ್ತು ಮುಖ್ಯ ಕಾರಣ. ಸಂಜೆ ಆರಕ್ಕೆ ಮಲಗಿ ಎಂಟಕ್ಕೆ ಎದ್ದರೆ ಆ ಒತ್ತಡ ಇಳಿದುಹೋಗುತ್ತದೆ. ಆಮೇಲೆ ಎರಡು ಗಂಟೆಯವರೆಗೆ ಫ್ಯಾನ್ ನೋಡುತ್ತಾ ಮಲಗಿರಬೇಕು. ಕಾಲೇಜಿಂದ ಬಂದ ತಕ್ಷಣ ಮಂಚಕ್ಕೆ ಬೀಳುವ ಅಭ್ಯಾಸ ಇರುವವರ ರಾತ್ರಿ ನಿದ್ದೆ ಕೆಡುವುದು ಹೆಚ್ಚಾಗಿ ಇದರಿಂದಲೇ.

ಎಚ್ಚರ ಇರುತ್ತೆ, ಕಣ್ಣೂ ಬಿಟ್ಟಿರ್ತೀನಿ, ಕೈಕಾಲು ಅಲ್ಲಾಡಲ್ಲ. ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ. ದೆವ್ವಾನಾ?

ಅಲ್ಲ. ಆದರೆ ಭಯ ಆಗುವುದು ಸಹಜ. ಅನುಭವಿಸಿದವರಿಗೆ ಅದು ಕನಸಿನ ಹಾಗೆ ಇರುವುದಿಲ್ಲ. ರೂಮು ಕಾಣಿಸುತ್ತಿರುತ್ತದೆ, ಬಟ್ಟೆ ಒಣಹಾಕಿದ ಹಗ್ಗ ಕಾಣಿಸುತ್ತಿರುತ್ತದೆ, ಬಾಗಿಲ ಹತ್ತಿರ ಕಪ್ಪಗೆ ಯಾರೋ ನಿಂತಂತೆ ಇರುತ್ತದೆ. ಕೂಗೋಣ ಅಂದರೆ ದನಿ ಹೊರಡುವುದಿಲ್ಲ.

ಕನಸು ಬೀಳುವ ನಿದ್ದೆಯಲ್ಲಿ ಮೆದುಳು ದೇಹದ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ, ಕನಸಿನಲ್ಲಿ ಓಡಿದರೆ ನಿಜವಾಗಿ ಎದ್ದು ಓಡಬಾರದಲ್ಲ. ಕೆಲವೊಮ್ಮೆ ಮನಸ್ಸು ಮೊದಲು ಎಚ್ಚರವಾಗಿ ದೇಹ ಹಿಂದೆ ಉಳಿಯುತ್ತದೆ. ಕನಸಿನ ಚೂರು ಕಣ್ಣೆದುರಿಗೇ ಬರುತ್ತದೆ. ಎದೆಯ ಸ್ನಾಯುಗಳು ಸಡಿಲವಾಗಿರುವುದರಿಂದ ಬೇಕೆಂದಾಗ ದೀರ್ಘವಾಗಿ ಉಸಿರು ಎಳೆಯಲು ಆಗುವುದಿಲ್ಲ, ಅದೇ ಭಾರ ಅನಿಸುತ್ತದೆ. ಉಸಿರಂತೂ ನಿಂತಿರುವುದಿಲ್ಲ. ಇದಕ್ಕೆ ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ. ಹೆಸರಿಗೆ ಹೆದರಬೇಡಿ, ಲಕ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದಲ್ಲಿ ತಾನೇ ಬಿಡುತ್ತದೆ.

ಜಪಾನಿನಲ್ಲಿ ಇದಕ್ಕೆ ಕನಾಶಿಬಾರಿ ಅನ್ನುತ್ತಾರೆ, ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮುದುಕಿ ಬಂದು ಎದೆ ಮೇಲೆ ಕೂರುತ್ತಾಳೆ ಅನ್ನುತ್ತಾರೆ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದ 2011ರ ಒಂದು ವರದಿಯಲ್ಲಿ, ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇದು ಒಮ್ಮೆಯಾದರೂ ಆಗಿದ್ದರೆ, ವಿದ್ಯಾರ್ಥಿಗಳಲ್ಲಿ 28 ಮಂದಿಗೆ ಆಗಿತ್ತು. ನಿದ್ದೆಗೆಡುವುದು, ದಿನಕ್ಕೊಂದು ಹೊತ್ತಿಗೆ ಮಲಗುವುದು, ಅಂಗಾತ ಮಲಗುವುದು ಇದನ್ನು ಹೆಚ್ಚಿಸುತ್ತವೆ. ಮೂರೂ ಹಾಸ್ಟೆಲ್‌ನಲ್ಲಿ ಧಾರಾಳ. ಹಾಗಾಗಿ ಪ್ರತಿ ಹಾಸ್ಟೆಲ್‌ನಲ್ಲೂ ‘ಆ ರೂಮಲ್ಲಿ ಏನೋ ಇದೆ’ ಅನ್ನುವ ಕತೆ ಇರುವುದು ಆಶ್ಚರ್ಯವೇನಲ್ಲ. ಪರೀಕ್ಷೆ ಹತ್ತಿರ ಬಂದಾಗ ‘ಅದು’ ಜಾಸ್ತಿ ಕಾಣಿಸಿಕೊಳ್ಳುತ್ತದೆ ಅನ್ನುವುದನ್ನು ಗಮನಿಸಿ.

ಆದಾಗ ಇಡೀ ದೇಹ ಅಲ್ಲಾಡಿಸಲು ಒದ್ದಾಡಬೇಡಿ. ಒಂದು ಬೆರಳ ತುದಿ ಅಥವಾ ನಾಲಿಗೆ ಅಲುಗಿಸಲು ನೋಡಿ. ಮಗ್ಗುಲಾಗಿ ಮಲಗುವ ಅಭ್ಯಾಸ ಮಾಡಿ. ರೂಮ್‌ಮೇಟ್‌ಗೆ ಹೇಳಿಡಿ, ನರಳಿದ್ದು ಕೇಳಿಸಿದರೆ ಮುಟ್ಟಿ ಎಬ್ಬಿಸಲಿ.

ದಿಂಬಿನ ಕೆಳಗೆ ಚಾಕು ಇಟ್ಕೋ ಅಂತಾರೆ ಅಮ್ಮ.

ಚಾಕು ಬೇಡ, ಕೈ ಕುಯ್ಯುತ್ತದೆ. ಕಬ್ಬಿಣವೇ ಬೇಕು ಅಂದರೆ ಒಂದು ಬೀಗದ ಕೈ ಸಾಕು. ವಿಭೂತಿ ಹಚ್ಚಿಕೊಂಡು ಮಲಗುವುದು, ಹನುಮಾನ್ ಚಾಲೀಸಾ ಹೇಳುವುದು, ಆಯತುಲ್ ಕುರ್ಸಿ ಓದುವುದು, ಶಿಲುಬೆ ಗುರುತು ಹಾಕಿಕೊಳ್ಳುವುದು, ಇವೆಲ್ಲ ಒಳ್ಳೆಯ ಅಭ್ಯಾಸವೇ. ದಿನಾ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿ ಮಲಗಿದರೆ ದೇಹಕ್ಕೆ ಅದು ಸೂಚನೆಯಾಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಹೇಳಿಸಿಕೊಂಡು ಹಾಗೇ ರೀಲ್ಸ್‌ಗೆ ಜಾರಬೇಡಿ, ಅಷ್ಟೇ.

ಬೆಳಗಿನ ಜಾವದ ಕನಸು ನಿಜ ಆಗುತ್ತಾ? ಹಲ್ಲು ಬಿದ್ದ ಕನಸು ಬಿತ್ತು.

ಕನಸಿನ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಕಮ್ಮಿ, ಬೆಳಗಿನ ಜಾವ ಜಾಸ್ತಿ. ಆ ಹೊತ್ತಲ್ಲಿ ಅಲಾರಂ ಎಬ್ಬಿಸಿದರೆ ಕನಸು ಚೆನ್ನಾಗಿ ನೆನಪಿರುತ್ತದೆ. ನೆನಪಿರುವುದಕ್ಕೇ ಅರ್ಥ ಹುಡುಕುತ್ತೇವೆ. ಊರಿಗೆ ಫೋನ್ ಮಾಡಿ ಎಲ್ಲರೂ ಚೆನ್ನಾಗಿದ್ದಾರಾ ಕೇಳಿ. ಹೇಗೂ ಮಾಡದೆ ಎಷ್ಟೋ ದಿನ ಆಗಿರುತ್ತದೆ, ಅಲ್ವಾ?

ಗಸಗಸೆ ಪಾಯಸ, ಬಿಸಿ ಹಾಲು, ಜಾಯಿಕಾಯಿ: ನಿದ್ದೆ ಬರುತ್ತಾ?

ಗಸಗಸೆ ಪಾಯಸದ ಕೀರ್ತಿಗೆ ಕಾರಣ ಇದೆ, ಅದು ಅಫೀಮಿನ ಗಿಡದ ಬೀಜ. ಆದರೆ ಬೀಜದಲ್ಲಿ ಮತ್ತಿನ ಅಂಶ ತೀರಾ ಕಮ್ಮಿ. ಮದುವೆ ಮನೆಯಲ್ಲಿ ಹೋಳಿಗೆ, ಚಿತ್ರಾನ್ನ, ಎರಡು ಸಲ ಅನ್ನ, ಕೊನೆಗೆ ಎರಡು ಲೋಟ ಪಾಯಸ ಹೊಡೆದು ಚೌಲ್ಟ್ರಿಯ ಮೂಲೆಯ ಜಮಖಾನದ ಮೇಲೆ ಉರುಳಿದವರ ನಿದ್ದೆಯನ್ನೆಲ್ಲ ಗಸಗಸೆಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಬಿಸಿ ಹಾಲು ಕುಡಿಯಿರಿ, ಹಿತವಾಗಿರುತ್ತದೆ. ಜಾಯಿಕಾಯಿ ವಿಷಯದಲ್ಲಿ ಮಾತ್ರ ಹುಷಾರು. ಹಾಲಿಗೆ ಒಂದು ಚಿಟಿಕೆ ತೇಯ್ದು ಹಾಕುವುದು ಬೇರೆ, ನಿದ್ದೆ ಬರಲಿ ಅಂತ ಚಮಚಗಟ್ಟಲೆ ಪುಡಿ ನುಂಗುವುದು ಬೇರೆ. ಹೆಚ್ಚಾದರೆ ವಾಂತಿ, ಎದೆಬಡಿತ, ಭ್ರಮೆ ಬಂದು ಆಸ್ಪತ್ರೆ ಸೇರಬೇಕಾಗುತ್ತದೆ.

ಮಲಗೋ ಮುಂಚೆ ಅಂಗಾಲಿಗೆ ಎಣ್ಣೆ?

ಹಚ್ಚಿ. ನಿದ್ದೆ ಬರಬೇಕಾದರೆ ದೇಹದ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಅದು ಹೊರಹೋಗುವುದು ಅಂಗೈ, ಅಂಗಾಲುಗಳಿಂದ. ಕಾಲು ಬೆಚ್ಚಗಿದ್ದರೆ ನಿದ್ದೆ ಬೇಗ ಬರುತ್ತದೆ ಅಂತ 1999ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಎಣ್ಣೆ ತಿಕ್ಕಿದಾಗ ಆಗುವುದೂ ಹೆಚ್ಚುಕಮ್ಮಿ ಅದೇ. ಮಲಗಲು ಒಂದೆರಡು ಗಂಟೆ ಮುಂಚೆ ಬಿಸಿನೀರ ಸ್ನಾನವೂ ಹಾಗೇ ಕೆಲಸ ಮಾಡುತ್ತದೆ, ಹಾಸ್ಟೆಲ್‌ನಲ್ಲಿ ಆ ಹೊತ್ತಿಗೆ ಬಿಸಿನೀರು ಬಂದರೆ. ಎಣ್ಣೆ ಕಾಲಲ್ಲಿ ಮೊಸಾಯಿಕ್ ನೆಲದ ಮೇಲೆ ಓಡಾಡಬೇಡಿ.

ಶಿವರಾತ್ರಿ ಜಾಗರಣೆ, ಇಡೀ ರಾತ್ರಿ ಯಕ್ಷಗಾನ ನೋಡಿದ್ರೆ ಆರೋಗ್ಯ ಕೆಡುತ್ತಾ?

ಅಪರೂಪಕ್ಕೊಂದು ರಾತ್ರಿ ನಿದ್ದೆ ಬಿಟ್ಟರೆ ಏನೂ ಆಗುವುದಿಲ್ಲ. ಇಡೀ ಊರು ಎದ್ದಿರುವ ರಾತ್ರಿಯ ಖುಷಿಯೇ ಬೇರೆ. ಕರಾವಳಿಯವರಿಗೆ ಮಾತ್ರ ಇದು ಒಂದು ರಾತ್ರಿಯ ಮಾತಲ್ಲ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಹೊರಟರೆ ಮೇ ಕೊನೆಯ ವಾರದ ಪತ್ತನಾಜೆವರೆಗೂ (ತುಳುನಾಡಿನಲ್ಲಿ ಆಟಗಳಿಗೆ ತೆರೆ ಬೀಳುವ ದಿನ) ಆಟ, ನಡುವೆ ದೈವಗಳ ಕೋಲ, ನೇಮ. ಈಗ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ. ಬೆಳಗಿನವರೆಗಿನ ಆಟದ ರುಚಿ ಹೋಯಿತು ಅಂತ ಹಳಬರು ಕೊರಗುತ್ತಾರೆ. ಮರುದಿನ ಇಂಟರ್ನಲ್ಸ್ ಇರುವವರಿಗೆ ಅನುಕೂಲವೇ ಆಯಿತು.

ನಿಜವಾದ ಅಪಾಯ ಇರುವುದು ಬೆಳಿಗ್ಗೆ ವಾಪಸ್ ಬರುವಾಗ. 17ರಿಂದ 19 ಗಂಟೆ ಎಚ್ಚರವಿದ್ದವರ ಕೈಚಳಕ, ಗಮನ ಎಲ್ಲ ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 0.03%. ಅಂದರೆ ಹಾಲು ಬಿಟ್ಟು ಬೇರೇನೂ ಕುಡಿಯದ ಶಿವಭಕ್ತನೂ ಬೆಳಿಗ್ಗೆ ಐದಕ್ಕೆ ಬೈಕಿನಲ್ಲಿ ಕುಡುಕನಷ್ಟೇ ಅಪಾಯ. ಮೊದಲ ಬಸ್ಸಿಗೆ ಬನ್ನಿ, ಅಥವಾ ದೇವಸ್ಥಾನದ ಜಗಲಿಯಲ್ಲೇ ಒಂದು ಗಂಟೆ ಒರಗಿ. ಮರುದಿನ ಹಗಲು ಮಲಗಿದರೆ ಜಾಗರಣೆಯ ಪುಣ್ಯ ಹೋಗುತ್ತದೆ ಅನ್ನುತ್ತಾರೆ. ಹಾಗೆ ನಂಬುವವರು ಗಾಡಿ ಮುಟ್ಟದೆ ಇದ್ದು, ಸಂಜೆ ದೀಪ ಹಚ್ಚಿ, ಎಂಟಕ್ಕೇ ಮಲಗಿಬಿಡಿ.

ರಂಜಾನ್ ತಿಂಗಳಲ್ಲಿ ನಿದ್ದೆ ಹೇಗೆ ಹೊಂದಿಸೋದು?

ರಾತ್ರಿಯ ತರಾವೀಹ್ ನಮಾಜ್ ಮುಗಿಸಿ ಬರುವಾಗ ಹತ್ತು ದಾಟಿರುತ್ತದೆ, ಸಹರಿಗೆ, ಅಂದರೆ ಉಪವಾಸ ಶುರುವಾಗುವ ಮುಂಚಿನ ಊಟಕ್ಕೆ, ನಾಲ್ಕೂವರೆಗೆಲ್ಲ ಏಳಬೇಕು. ರಾತ್ರಿ ಸಿಗುವುದೇ ಐದಾರು ಗಂಟೆ. ‘ಹೇಗೂ ಏಳಬೇಕಲ್ಲ’ ಅಂತ ಸಹರಿವರೆಗೆ ಎದ್ದೇ ಇರುವುದು ಬಹಳ ರೂಮುಗಳಲ್ಲಿ ನಡೆಯುತ್ತದೆ, ಅದೇ ತಪ್ಪು. ಬಂದ ಕೂಡಲೇ ಮಲಗಿ. ಮಧ್ಯಾಹ್ನದ ಕಿರುನಿದ್ದೆ, ಕೈಲೂಲಾ, ನಿಮ್ಮ ಸಂಪ್ರದಾಯದಲ್ಲೇ ಇದೆ, ಅದನ್ನು ಬಿಡಬೇಡಿ.

ಹೆಣ್ಣುಮಕ್ಕಳು ಸೂರ್ಯ ಹುಟ್ಟೋಕೆ ಮುಂಚೆ ಏಳ್ಲೇಬೇಕಾ? ಹಾಸ್ಟೆಲ್‌ನಲ್ಲಿ ಏಳು ಗಂಟೆಗೆ ಎದ್ರೂ ತಪ್ಪು ಮಾಡಿದ ಹಾಗೆ ಅನಿಸುತ್ತೆ.

ಅಣ್ಣ ಎಂಟಕ್ಕೆ ಎದ್ದರೆ ‘ಪಾಪ, ರಾತ್ರಿ ಓದಿದಾನೆ’. ತಂಗಿ ಎದ್ದರೆ ‘ಮನೆಗೆ ದರಿದ್ರ’. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ಚೆಂದದ ಕೆಲಸ, ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಒಳಗಿನ ಗಡಿಯಾರವೂ ಸರಿಹೋಗುತ್ತದೆ. ಹಾಗಿದ್ದರೆ ಆ ಲಾಭ ಅಣ್ಣನಿಗೂ ಸಿಗಲಿ. ಲಕ್ಷ್ಮಿ ನಿಮ್ಮೊಬ್ಬರ ನಿದ್ದೆ ಲೆಕ್ಕ ಹಾಕುತ್ತಾ ಕೂತಿರುವುದಿಲ್ಲ.

ಇನ್ನೊಂದು, ರಜೆಗೆ ಹೋದಾಗ ಮುಟ್ಟಿನ ದಿನಗಳಲ್ಲಿ ಬೇರೆ ಚಾಪೆ. ಈಗಲೂ ಎಷ್ಟೋ ಮನೆಗಳಲ್ಲಿ ಇದೆ. ಹೊಟ್ಟೆ ನೋವು, ಸೊಂಟ ನೋವು ಇರುವ ದಿನವೇ ತಣ್ಣನೆಯ ನೆಲದ ಮೇಲೆ ತೆಳು ಚಾಪೆ. ಇದರಲ್ಲಿ ಸಮರ್ಥಿಸಿಕೊಳ್ಳುವಂಥದ್ದು ನನಗೇನೂ ಕಾಣುವುದಿಲ್ಲ. ಮಾತಾಡಿ ಬದಲಾಯಿಸಲು ಆಗದಿದ್ದರೆ ಕನಿಷ್ಠ ದಪ್ಪ ಹಾಸಿಗೆ, ಬಿಸಿನೀರ ಚೀಲ ಕೇಳಿ ಪಡೆಯಿರಿ. ರಾತ್ರಿ ಮಲಗಿದಾಗ ಕಾಲು ಅಲ್ಲಾಡಿಸದೆ ಇರಲು ಆಗುವುದಿಲ್ಲ, ಒಳಗೆ ಏನೋ ಹರಿದಾಡಿದ ಹಾಗಾಗುತ್ತದೆ ಅಂದರೆ ರಕ್ತ ಪರೀಕ್ಷೆ ಮಾಡಿಸಿ. ದೇಹದಲ್ಲಿ ಕಬ್ಬಿಣ ಕಮ್ಮಿಯಾದರೆ ಹೀಗಾಗುವುದುಂಟು.

ರೂಮಲ್ಲಿ ಗಿಡ ಇಟ್ರೆ, ಹುಣಸೆ ಮರದ ಕೆಳಗೆ ಮಲಗಿದ್ರೆ?

ಗಿಡ ಬಿಡುವ ಇಂಗಾಲದ ಡೈಆಕ್ಸೈಡ್ ನಿಮ್ಮ ಇಬ್ಬರು ರೂಮ್‌ಮೇಟ್‌ಗಳ ಉಸಿರಿನ ಮುಂದೆ ಏನೇನೂ ಅಲ್ಲ. ಇಡಿ. ಹುಣಸೆ ಮರದ ಕೆಳಗೆ ದೆವ್ವಕ್ಕಿಂತ ಇರುವೆ ಕಾಟ ಜಾಸ್ತಿ.

ಸಂಜೆ ಕಾಫಿ ಬಿಡೋಕಾಗಲ್ಲ. ಪರೀಕ್ಷೆ ಹಿಂದಿನ ರಾತ್ರಿ ಅಂತೂ ಬೇಕೇ ಬೇಕು.

ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಆರು ಗಂಟೆಯ ಸ್ಟ್ರಾಂಗ್ ಫಿಲ್ಟರ್ ಕಾಫಿಯ ಅರ್ಧ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಮೂರು ಗಂಟೆಗೆ ಕೊನೆಯ ಕಾಫಿ ಮಾಡಿಕೊಳ್ಳಿ. ಹಿಂದಿನ ರಾತ್ರಿ ಒಂದು ಯೂನಿಟ್ ಬಾಕಿ ಇದ್ದರೆ ಅದನ್ನು ಬಿಟ್ಟು ಮಲಗಿ. ಉಳಿದ ನಾಲ್ಕು ಯೂನಿಟ್ ಆದರೂ ಹಾಲ್‌ನಲ್ಲಿ ನೆನಪಿಗೆ ಬರುತ್ತವೆ. ಪುಸ್ತಕ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವ ಹಳೆಯ ಅಭ್ಯಾಸ ಮುಂದುವರಿಸಬಹುದು, ಮಲಗುವುದಂತೂ ಮಲಗಿರುತ್ತೀರಿ.

ಚಿಂತೆಯಿಂದ ನಿದ್ದೆ ಬರ್ತಿಲ್ಲ. ದೃಷ್ಟಿ ಆಗಿದೆ, ತಾಯತ ಕಟ್ಟಿಸು ಅಂತಾರೆ. ಡಾಕ್ಟರ ಹತ್ರ ಯಾವಾಗ ಹೋಗ್ಬೇಕು?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ. ಬ್ಯಾಕ್‌ಲಾಗ್, ಫೀಸು, ಊರಿನ ಸಾಲ ಇರುವವರಿಗೆ ಮಂಚದ ಮೇಲೂ ಬರುವುದಿಲ್ಲ. ದೃಷ್ಟಿ ತೆಗೆಸಿದರೆ ಅಮ್ಮನಿಗೆ ಸಮಾಧಾನ, ತೆಗೆಸಿ. ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಡಿ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಬಾರದೆ ಅದು ಮೂರು ತಿಂಗಳು ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಅಷ್ಟು ದಿನ ಕಾಯುವ ಅಗತ್ಯವಿಲ್ಲ, ಕಾಲೇಜು ಕೆಲಸಕ್ಕೆ ತೊಂದರೆ ಆಗುತ್ತಿದ್ದರೆ ಈಗಲೇ ಹೋಗಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆ ಅಂತ ರೂಮ್‌ಮೇಟ್ ಹೇಳಿದರೆ, ಕೂತಲ್ಲೇ ತಡೆಯಲಾಗದಂತೆ ನಿದ್ದೆ ಬಂದರೆ, ಬದುಕೇ ಬೇಡ ಅನಿಸಿದರೆ ತಡ ಮಾಡಬೇಡಿ. ಸ್ನೇಹಿತರ ಹತ್ತಿರ ಇರುವ ನಿದ್ದೆ ಮಾತ್ರೆ ಇಸ್ಕೊಂಡು ನುಂಗಬೇಡಿ.

ಮುಖಾಮುಖಿ ಹೋಗಲು ಸಂಕೋಚವಾದರೆ ಟೆಲಿ-ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಸೇವೆ ಇದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋಗುವುದಾದರೆ ಎರಡು ವಾರ ಎಷ್ಟೊತ್ತಿಗೆ ಮಲಗಿದಿರಿ, ಎಷ್ಟೊತ್ತಿಗೆ ಎದ್ದಿರಿ, ಮಧ್ಯೆ ಎಷ್ಟು ಸಲ ಎಚ್ಚರವಾಯಿತು, ಸಂಜೆ ಏನು ಕುಡಿದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.